ಹಿತ್ತಲಿನ ಒಗೆಯುವ ಕಲ್ಲು

ಬಟ್ಟೆ ಒಗೆಯುವ ಮೆಷಿನ್ನು ಕೆಟ್ಟಿದ್ದು ಒಂದು ಶನಿವಾರ. ಅದೇ ದಿನ ದರ್ಜಿಯ ಮನಸ್ಸೂ ಕೆಟ್ಟಿತ್ತು. ಇವೆರಡೂ ಬೇರೆ ಬೇರೆ ದಿನ ಆಗಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲವೇನೋ.

ಅವನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಮೂವತ್ತೊಂದು ವರ್ಷದಿಂದ ಅದೇ ಮೇಜು, ಅದೇ ಕತ್ತರಿ. ಮೊದಲೆಲ್ಲ ಜನ ಬಟ್ಟೆ ತಂದು ಅಳತೆ ಕೊಡುತ್ತಿದ್ದರು. ವಾರ ಬಿಟ್ಟು ಬಂದು ಒಮ್ಮೆ ಹಾಕಿ ನೋಡುತ್ತಿದ್ದರು, ಇನ್ನೊಂದು ವಾರಕ್ಕೆ ಒಯ್ಯುತ್ತಿದ್ದರು. ಈಗ ಪ್ಯಾಕೆಟ್ಟಿನಲ್ಲಿ ಮನೆ ಬಾಗಿಲಿಗೆ ಬಂದ ಪ್ಯಾಂಟು ಹಿಡಿದುಕೊಂಡು ಬಂದು, "ಎರಡು ಇಂಚು ಕಮ್ಮಿ ಮಾಡಿಕೊಡಿ, ಇಲ್ಲೇ ನಿಂತಿರ್ತೀನಿ" ಅನ್ನುತ್ತಾರೆ. ಆ ಶನಿವಾರ ಹೆಡ್‌ಮಾಸ್ತರ ಮಗ ಬಂದ. ಹೆಡ್‌ಮಾಸ್ತರ ಮದುವೆಯ ಕೋಟು ಹೊಲಿದವನು ಇದೇ ದರ್ಜಿ. ಈಗ ಮಗನಿಗೂ ಮದುವೆ ಗೊತ್ತಾಗಿತ್ತು, ಕೈಯಲ್ಲಿ ರೆಡಿಮೇಡ್ ಸೂಟಿತ್ತು. ತೋಳು ಕಮ್ಮಿ ಮಾಡಬೇಕಿತ್ತು, ಅಷ್ಟೆ. ದರ್ಜಿ ಮಾಡಿಕೊಟ್ಟ. ಆದರೆ ಭುಜದ ಹತ್ತಿರ ಬಟ್ಟೆ ಉಬ್ಬಿಕೊಂಡು ನಿಂತಿದ್ದನ್ನು ನೋಡಿ ಸುಮ್ಮನಿರಲಾಗಲಿಲ್ಲ.

"ಭುಜ ಸರಿ ಕೂತಿಲ್ಲಪ್ಪ. ಬಿಚ್ಚಿ ಹೊಲೀಬೇಕು. ನಾಲ್ಕು ದಿನ ಬಿಡು ನನ್ನ ಹತ್ರ."

"ಫೋಟೋದಲ್ಲಿ ಗೊತ್ತಾಗಲ್ಲ ಬಿಡಿ ಅಂಕಲ್," ಎಂದ ಮದುಮಗ, ಫೋನಿನಿಂದ ಕಣ್ಣೆತ್ತದೆ.

ದರ್ಜಿ ಅವತ್ತು ಅಂಗಡಿಯ ಬಾಗಿಲು ಬೇಗ ಎಳೆದ.

ಮನೆಗೆ ಬಂದರೆ ಅಡುಗೆಮನೆಯ ಪಕ್ಕ ನೀರು ಹರಿದು ಕೆರೆಯಾಗಿತ್ತು. ಮೆಷಿನ್ನು ತಿರುಗುತ್ತ ತಿರುಗುತ್ತ ನಿಂತುಹೋಗಿ, ಹೊಟ್ಟೆಯೊಳಗಿನ ನೀರನ್ನೆಲ್ಲ ಕಕ್ಕಿತ್ತು. ರಿಪೇರಿಯವನು ಆಗಲೇ ಬಂದು ನೋಡಿ, ಈ ಮಾಡೆಲ್ಲಿನ ಬಿಡಿಭಾಗ ಈಗ ಬರುವುದಿಲ್ಲ, ಹೊಸದೇ ತೊಗೊಳ್ಳಿ ಎಂದು ಹೇಳಿ ಹೋಗಿದ್ದ. ನೀರಿನ ಸುತ್ತ ಮನೆಯವರು ತಂತಮ್ಮ ಪಾಡಿಗಿದ್ದರು. ದರ್ಜಿಯ ತಾಯಿ, ಎಲ್ಲರಿಗೂ ಅಜ್ಜಿ, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಟೀವಿ ಮುಂದೆ ಉಣ್ಣುತ್ತಿದ್ದಳು. ಮಗಳು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು, "ನಿಮಗಾದ ತೊಂದರೆಗೆ ಕ್ಷಮೆ ಇರಲಿ ಸರ್" ಎಂದು ಯಾರಿಗೋ ಹೇಳುತ್ತಿದ್ದಳು. ಯಾವುದೋ ಕಂಪನಿಯ ಗಿರಾಕಿಗಳ ದೂರು ಕೇಳುವುದು ಅವಳ ಕೆಲಸ. ಇಪ್ಪತ್ಮೂರು ವರ್ಷಕ್ಕೇ ದಿನಕ್ಕೆ ಅರವತ್ತು ಸಲ ಕ್ಷಮೆ ಕೇಳುತ್ತಿದ್ದಳು. ಹೆಂಡತಿ ಆಸ್ಪತ್ರೆಯ ಲ್ಯಾಬಿನಿಂದ ಬಂದು ಬಟ್ಟೆ ಕೂಡ ಬದಲಾಯಿಸದೆ ದಪ್ಪನೆಯ ಪುಸ್ತಕವೊಂದನ್ನು ಓದುತ್ತಿದ್ದಳು. ಅವನ ಊಟ ಡಬ್ಬಿಯಲ್ಲಿ ಮುಚ್ಚಿತ್ತು.

"ಈ ಮನೇಲಿ ಎಲ್ಲರೂ ಜೊತೆಗೆ ಕೂತು ಉಂಡು ಎಷ್ಟು ದಿನ ಆಯ್ತು?" ಎಂದ ದರ್ಜಿ.

ಯಾರಿಗೂ ಲೆಕ್ಕ ಗೊತ್ತಿರಲಿಲ್ಲ.

"ಮೆಷಿನ್ನೂ ಬೇಡ ಏನೂ ಬೇಡ. ನಾಳೆಯಿಂದ ಹಳೇ ಮನೇಲಿ ಇದ್ದ ಹಾಗೆ ಇರೋಣ. ಹಿತ್ತಲಲ್ಲಿ ಕಲ್ಲಿದೆ, ಬಟ್ಟೆ ಅಲ್ಲಿ ಒಗೆಯೋದು. ಅಡುಗೆ ಹೊತ್ತು ಹೊತ್ತಿಗೆ ಬಿಸಿಯಾಗಿ ಆಗಬೇಕು. ಎಂಟು ಗಂಟೆಗೆ ಎಲ್ಲರ ಫೋನೂ ಆ ಬಿಸ್ಕತ್ತಿನ ಡಬ್ಬಿ ಒಳಗೆ. ನಾವು ಹೀಗೇ ಬೆಳೆದಿದ್ದು, ಏನು ಸೊರಗಿ ಹೋದ್ವಾ?"

"ಅಪ್ಪ, ನಿಜವಾಗ್ಲೂ?" ಮಗಳು ಹೆಡ್‌ಫೋನು ಕಿತ್ತಿಟ್ಟಳು. "ನಾನು ರೆಡಿ. ನಂಗೆ ಈ ಪರದೆ ನೋಡಿ ನೋಡಿ ಸಾಕಾಗಿದೆ."

ಹೆಂಡತಿ ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದಳು. "ಮುಂದಿನ ತಿಂಗಳು ಇಪ್ಪತ್ತಕ್ಕೆ ನನ್ನ ಪರೀಕ್ಷೆ ಇದೆ, ಗೊತ್ತಲ್ಲ?"

ಲ್ಯಾಬಿಗೆ ರಕ್ತ ಪರೀಕ್ಷೆಯ ಹೊಸ ಯಂತ್ರ ಬರುವುದಿತ್ತು. ಅದರ ಪರೀಕ್ಷೆ ಪಾಸಾದವರಿಗೆ ಆ ವಿಭಾಗದ ಉಸ್ತುವಾರಿ. ಹತ್ತೊಂಬತ್ತು ವರ್ಷ ಬೇರೆಯವರು ಹೇಳಿದ ಹಾಗೆ ಕೆಲಸ ಮಾಡಿದ ಮೇಲೆ ಮೊದಲ ಸಲ ಅವಳ ಹೆಸರು ಪಟ್ಟಿಗೆ ಬಂದಿತ್ತು.

"ಓದು. ಯಾರು ಬೇಡ ಅಂದ್ರು?" ಎಂದ ದರ್ಜಿ.

ಮೊದಲ ವಾರ ಚೆನ್ನಾಗಿಯೇ ಕಳೆಯಿತು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಅಜ್ಜಿ ಹಿತ್ತಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಮೊಮ್ಮಗಳಿಗೆ ಪಾಠ ಹೇಳಿದಳು. "ಕುಕ್ಕಬೇಡ, ಉಜ್ಜು. ಕಾಲರಿಗೆ ಮೊದಲು ಸೋಪು ಹಚ್ಚಿ ಬಿಡು. ನೀನೇನು ಹಾವು ಹೊಡೀತಿದ್ದೀಯಾ?" ಮೊಮ್ಮಗಳು ಮೈಯೆಲ್ಲ ನೆನೆಸಿಕೊಂಡು ನಗುತ್ತಿದ್ದಳು. ಎಂಟು ಗಂಟೆಗೆ ನಾಲ್ವರೂ ಮೇಜಿಗೆ ಕೂರುತ್ತಿದ್ದರು. ಬಿಸ್ಕತ್ತಿನ ಡಬ್ಬಿಯೊಳಗೆ ಫೋನುಗಳು ಆಗಾಗ ಜೀರುಂಡೆಯ ಹಾಗೆ ಗುಂಯ್‌ಗುಟ್ಟಿ ಸುಮ್ಮನಾಗುತ್ತಿದ್ದವು. ಬಿಸಿ ಅನ್ನ, ಸಾರು, ಎರಡು ಬಗೆಯ ಪಲ್ಯ. ದರ್ಜಿ ಎರಡೆರಡು ಸಲ ಬಡಿಸಿಕೊಂಡು ಹಳೆಯ ಕತೆ ತೆಗೆಯುತ್ತಿದ್ದ.

"ನಾನು ಶಾಲೆಯಿಂದ ಬರೋ ಹೊತ್ತಿಗೆ ಅಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿರ್ತಿದ್ಲು. ದಿನಾ ನಾಲ್ಕು ಗಂಟೆಗೆ. ಒಂದು ದಿನ ತಪ್ಪಿಸಿದವಳಲ್ಲ. ಬೀದಿ ತಿರುವಿನಿಂದಲೇ ಕಾಣೋಳು, ನಾನು ಓಡಿಬಿಡ್ತಿದ್ದೆ. ಈಗ ಯಾರಿಗೆ ಯಾರು ಕಾಯ್ತಾರೆ ಹೇಳು?"

ಅಜ್ಜಿ ತಟ್ಟೆ ನೋಡಿಕೊಂಡು ಅನ್ನ ಕಲಸುತ್ತಿದ್ದಳು.

ಎರಡನೆಯ ವಾರ ಮಗಳ ಅಂಗೈಯಲ್ಲಿ ಬೊಬ್ಬೆಯೆದ್ದಿತು. ಅವಳ ಕೆಲಸದ ಪಾಳಿಯೂ ಬದಲಾಗಿ ಬೆಳಿಗ್ಗೆ ಆರಕ್ಕೇ ಕೂರಬೇಕಾಯಿತು. ಬಟ್ಟೆ ಮಾತ್ರ ಪಾಳಿ ಕೇಳುವುದಿಲ್ಲ. ದರ್ಜಿಯ ಹೆಂಡತಿ ಐದಕ್ಕೆ ಎದ್ದು ಒಗೆದು, ಹರವಿ, ತಿಂಡಿ ಮಾಡಿ, ಏಳೂವರೆಯ ಬಸ್ಸು ಹಿಡಿಯತೊಡಗಿದಳು. ಸಂಜೆ ಬಂದು ಚಹಾ ಕುಡಿದು ಮತ್ತೆ ಒಲೆಯ ಮುಂದೆ. ಪುಸ್ತಕ ಅಡುಗೆಮನೆಯ ಕಿಟಕಿಯಲ್ಲಿ ತೆರೆದೇ ಇರುತ್ತಿತ್ತು. ಒಗ್ಗರಣೆಯ ಎಣ್ಣೆ ಸಿಡಿದು ಅದರ ಮೂರನೆಯ ಅಧ್ಯಾಯದಲ್ಲಿ ಕಲೆಗಳಾದವು. ನಾಲ್ಕನೆಯ ಅಧ್ಯಾಯದಲ್ಲಿ ಕಲೆಗಳಿರಲಿಲ್ಲ. ಅಲ್ಲಿಗೆ ಅವಳು ತಲುಪಿಯೇ ಇರಲಿಲ್ಲ.

ಒಂದು ಬೆಳಿಗ್ಗೆ ದರ್ಜಿ ಶರ್ಟು ಹಾಕಿಕೊಳ್ಳುತ್ತ ತೋಳನ್ನು ಮೂಗಿಗೆ ಹಿಡಿದ.

"ಬಿಸಿಲಲ್ಲಿ ಒಣಗಿದ ವಾಸನೇನೇ ಬೇರೆ ನೋಡು. ಮೆಷಿನ್ನಿಗೆ ಇದು ಬರುತ್ತಾ?"

"ಇಲ್ಲ," ಎಂದಳು ಹೆಂಡತಿ, ಒದ್ದೆ ದುಪ್ಪಟಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಅವನ ಪಕ್ಕದಿಂದ ಹಾದುಹೋಗುತ್ತ.

ಅಂದು ಊಟಕ್ಕೆ ಕೂತಾಗ ಮಗಳು ಅಮ್ಮನ ಕಣ್ಣ ಕೆಳಗಿನ ಕಪ್ಪನ್ನು ನೋಡಿದಳು.

"ಅಪ್ಪ, ಒಂದು ಕೇಳ್ಲಾ? ಇದರಲ್ಲಿ ನಿನ್ನ ಕೆಲಸ ಯಾವುದು?"

"ಯಾಕೆ, ತರಕಾರಿ ತರ್ತೀನಲ್ಲ."

"ಅದು ಮೊದಲೂ ತರ್ತಿದ್ದೆ."

"ಸಂಸಾರ ಅಂದ ಮೇಲೆ ಅವರವರ ಕೈಲಾದ್ದು ಅವರು ಮಾಡಬೇಕು. ಲೆಕ್ಕ ಹಾಕ್ತಾ ಕೂತರೆ ಆಗುತ್ತಾ?"

"ಲೆಕ್ಕ ಹಾಕಿದ್ರೆ ನಿನಗೆ ಕಷ್ಟ ಆಗುತ್ತೆ, ಅದಕ್ಕೆ."

"ನೋಡಿದ್ಯಾ ಅಮ್ಮ, ಇವಳ ಮಾತು? ನಾವು ನಮ್ಮಪ್ಪನ ಎದುರು ಹೀಗೆ ಬಾಯಿ ಬಿಡ್ತಿದ್ವಾ?"

"ಬಿಡ್ತಿರಲಿಲ್ಲ," ಎಂದಳು ಅಜ್ಜಿ. ಅದು ಹೊಗಳಿಕೆಯೋ ಬೈಗುಳವೋ ಅವನಿಗೆ ತಿಳಿಯಲಿಲ್ಲ. "ಮೊಸರು ಕೊಡು ಇಲ್ಲಿ."

"ಬಿಡು ಪುಟ್ಟಿ," ಎಂದಳು ಹೆಂಡತಿ. "ಅವರು ಅಂಗಡೀಲಿ ನೊಂದಿದ್ದಾರೆ. ನಾಲ್ಕು ದಿನ ಆಡ್ಲಿ."

ಆ ಮಾತು ದರ್ಜಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. "ಆಟ ಅಂದುಕೊಂಡಿದ್ದೀಯಾ ಇದನ್ನ?" ಎಂದು ಅರ್ಧಕ್ಕೇ ಕೈ ತೊಳೆದು ಎದ್ದ. ಮೂರು ದಿನ ಹೆಂಡತಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಮೂರು ದಿನವೂ ಎಂಟು ಗಂಟೆಗೆ ಎಲ್ಲರೂ ಜೊತೆಗೇ ಉಂಡರು, ಸೌಟಿನ ಸದ್ದು ಕೇಳುತ್ತ.

ನಾಲ್ಕನೆಯ ವಾರದ ಮಂಗಳವಾರ ಹೆಂಡತಿ ಲ್ಯಾಬಿನಿಂದ ಬಂದವಳು ಪುಸ್ತಕವನ್ನು ಕಿಟಕಿಯಿಂದ ತೆಗೆದು ಬೀರುವಿನ ಮೇಲಿಟ್ಟಳು. ಅನ್ನ ಬಡಿಸುತ್ತಿರುವಾಗ ಹೇಳಿದಳು.

"ಪರೀಕ್ಷೆಗೆ ಕೂರಲ್ಲ ಅಂತ ಇವತ್ತು ಬರೆದುಕೊಟ್ಟೆ."

ಮಗಳ ಕೈ ತಟ್ಟೆಯಲ್ಲೇ ನಿಂತಿತು. "ಯಾಕಮ್ಮ?"

"ಓದಿದ್ದು ತಲೆಗೆ ಹತ್ತುತ್ತಿಲ್ಲ. ನಿನ್ನೆ ಲ್ಯಾಬಲ್ಲಿ ಎರಡು ಶೀಶೆಗೆ ಚೀಟಿ ಅದಲುಬದಲು ಅಂಟಿಸಿದ್ದೆ. ಪಕ್ಕದವಳು ನೋಡಿದ್ಲು, ಏನೂ ಆಗಲಿಲ್ಲ. ಆಗಬಹುದಿತ್ತು. ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು. ನಿದ್ದೆಗಣ್ಣಲ್ಲಿ ಆ ಕೆಲಸ ಮಾಡಬಾರದು."

ದರ್ಜಿ ಸಾರನ್ನ ಕಲಸಿಕೊಳ್ಳುತ್ತಿದ್ದ. ಅವನಿಗೂ ಅಯ್ಯೋ ಅನಿಸಿತು. ಸಮಾಧಾನದ ಮಾತು ಹೇಳಬೇಕೆಂದೇ ಹೇಳಿದ: "ಸರಿ ಬಿಡು. ಮನೆಗಿಂತ ಹೆಚ್ಚಾ ಅದು? ಮುಂದಿನ ಸಲ ನೋಡಿದ್ರಾಯ್ತು."

ಅಜ್ಜಿ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. ಅವಳು ಊಟ ಬಿಡುವವಳಲ್ಲ. ಜ್ವರ ಬಂದಾಗಲೂ ಗಂಜಿ ಕುಡಿದು ತಟ್ಟೆ ನೆಕ್ಕಿದ ಹಾಗೆ ಇಡುವವಳು.

"ನಾನು ಮೆಟ್ಟಿಲ ಮೇಲೆ ಕೂತಿರ್ತಿದ್ದೆ ಅಂತ ದಿನಾ ಹೇಳ್ತೀಯಲ್ಲ," ಎಂದಳು ಮಗನಿಗೆ.

"ಹೌದು. ನಾನು ಬರೋದನ್ನ ಕಾಯ್ತಾ."

"ನಮ್ಮ ಬೀದಿ ಕೊನೇಲಿ ಟೈಪಿಂಗ್ ಕ್ಲಾಸಿತ್ತು. ನಾಲ್ಕು ಗಂಟೆಗೆ ಶುರು. ಹೆಂಗಸರು ಕಾಗದ ಸುರುಳಿ ಸುತ್ತಿ ಹಿಡ್ಕೊಂಡು ನಮ್ಮ ಮನೆ ಮುಂದೇನೇ ಹೋಗೋರು. ಅವರನ್ನ ನೋಡ್ತಾ ಕೂತಿರ್ತಿದ್ದೆ."

ದರ್ಜಿ ತಲೆಯೆತ್ತಿದ.

"ನಾನೂ ಹನ್ನೊಂದು ದಿನ ಹೋಗಿದ್ದೆ. ನಿನಗಾಗ ಆರು ವರ್ಷ. ಎಡಗೈ ಪಾಠ ಮುಗಿದು ಬಲಗೈಗೆ ಬಂದಿದ್ದೆ."

"ಯಾರು ಬಿಡಿಸಿದ್ದು? ಅಪ್ಪನಾ?"

"ಯಾರೂ ಬಿಡಿಸಲಿಲ್ಲ. ನಿಮ್ಮಪ್ಪ ಹೋಗು ಅಂದ್ರು. ನಿಮ್ಮಜ್ಜಿ ಕೂಡ ಬೇಡ ಅನ್ನಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಟ್ಟೆ ಇತ್ತು. ಒಂಬತ್ತು ಜನರ ಬಟ್ಟೆ. ನೀರು ಸೇದಬೇಕಿತ್ತು. ಹನ್ನೆರಡನೇ ದಿನ ಹಿಂಡಿ ಹರವೋ ಹೊತ್ತಿಗೆ ನಾಲ್ಕೂವರೆ ಆಗಿತ್ತು. ಮಾರನೇ ದಿನಾನೂ ಹಾಗೇ ಆಯ್ತು. ಆಮೇಲೆ ಮತ್ತೆ ಹೋಗೋಕೆ ನಾಚಿಕೆ ಆಯ್ತು."

ದರ್ಜಿ ಆರು ವರ್ಷದವನ ಹಾಗೆಯೇ ಕೇಳಿದ:

"ಹಾಗಾದ್ರೆ ನಾನು ಬರೋದನ್ನ ನೋಡ್ತಾನೇ ಇರಲಿಲ್ವಾ?"

"ನೋಡ್ತಿದ್ದೆ ಕಣೋ. ನೀನು ಬಂದ್ರೆ ಎದ್ದು ಒಳಗೆ ಹೋಗಬೇಕಿತ್ತಲ್ಲ."

"ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?"

"ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ. ಕೇಳೋಕೆ ನನಗೂ ಹಿತವಾಗಿತ್ತು." ಅಜ್ಜಿ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. "ಇವಳನ್ನ ಯಾರು ಬೇಡ ಅಂದ್ರು ಅಂದೆಯಲ್ಲ ಅವತ್ತು. ನನ್ನನ್ನೂ ಯಾರೂ ಬೇಡ ಅಂದಿರಲಿಲ್ಲ."

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ದರ್ಜಿ ಹಿಂದೆಯೇ ಹೋದ. ಅವಳು ಪಾತ್ರೆ ತೊಳೆಯುವ ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದಳು.

"ನಾನು ಬೇಡ ಅಂದಿರಲಿಲ್ಲ ಕಣೇ," ಎಂದ.

"ಅದೇ ಕಷ್ಟ ಆಗಿದ್ದು. ಬೇಡ ಅಂದಿದ್ರೆ ಜಗಳ ಆಡ್ತಿದ್ದೆ." ಅವಳು ತಿರುಗಲಿಲ್ಲ. "ಹತ್ತೊಂಬತ್ತು ವರ್ಷ ಕಾದಿದ್ದೀನಿ ಇದಕ್ಕೆ. ನಿಮ್ಮ ಕಣ್ಣೆದುರೇ ಕೂತು ಓದ್ತಿದ್ದೆ. ನೀವು ಶರ್ಟಿನ ವಾಸನೆ ನೋಡ್ತಿದ್ರಿ."

ದರ್ಜಿ ಅವಳನ್ನು ಸರಿಸಿ ಪಾತ್ರೆ ತೊಳೆಯಲು ನೋಡಿದ. ಅವಳು ಜಾಗ ಬಿಡಲಿಲ್ಲ. ಕೊನೆಗೆ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ.

ಮರುದಿನ ಅವಳು ಪತ್ರ ವಾಪಸು ಕೇಳಲು ಹೋದಳು. ಹೊತ್ತು ಮೀರಿತ್ತು. ಅವಳ ಜಾಗಕ್ಕೆ ಬೇರೆಯವಳ ಹೆಸರು ಬೆಳಿಗ್ಗೆಯೇ ಮೇಲಕ್ಕೆ ಹೋಗಿತ್ತು. ನಾಲ್ಕು ತಿಂಗಳ ಮೇಲೆ ಎರಡನೆಯ ತಂಡದ ಪರೀಕ್ಷೆ ಇತ್ತು. ಅದರಲ್ಲಿ ಪಾಸಾದರೂ ಉಸ್ತುವಾರಿ ಸಿಗುವುದಿಲ್ಲ, ಯಂತ್ರದ ಮೇಲೆ ಎರಡನೆಯವಳಾಗಿ ಇರಬಹುದು. "ಅದಕ್ಕಾದರೂ ಬರೆದುಕೊಳ್ಳಿ" ಎಂದು ಹೇಳಿ ಬಂದಳು. ಮನೆಯಲ್ಲಿ ಇದನ್ನು ಹೇಳಿದಾಗ ದರ್ಜಿ 'ಹೋಗಲಿ ಬಿಡು' ಅನ್ನಲಿಲ್ಲ. ಆ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡ.

ಮುಂದಿನ ಬೆಳಿಗ್ಗೆ ಐದಕ್ಕೆ ಹಿತ್ತಲಲ್ಲಿ ಸದ್ದಾಯಿತು. ದರ್ಜಿ ಪ್ಯಾಂಟು ಮಂಡಿಯವರೆಗೆ ಮಡಿಚಿ ಕಲ್ಲಿನ ಮುಂದೆ ನಿಂತಿದ್ದ. ಬಟ್ಟೆಯನ್ನು ಹುಟ್ಟಿದಾಗಿನಿಂದ ಬಲ್ಲವನು ಅವನು. ಯಾವುದು ಬಣ್ಣ ಬಿಡುತ್ತದೆ, ಯಾವುದು ಕುಗ್ಗುತ್ತದೆ ಎಂದು ಮುಟ್ಟಿ ಹೇಳಬಲ್ಲ. ಒದ್ದೆಯಾದ ಬಟ್ಟೆ ಎಷ್ಟು ಭಾರ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ದುಪ್ಪಟಿಯನ್ನು ಒಬ್ಬನೇ ಹಿಂಡಲು ಹೋದರೆ ಅದು ಹೆಬ್ಬಾವಿನ ಹಾಗೆ ಕಾಲಿಗೆ ಸುತ್ತಿಕೊಂಡಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಬಂದು ಇನ್ನೊಂದು ತುದಿ ಹಿಡಿದಳು.

"ನಿಮ್ಮಮ್ಮ ಇದನ್ನ ಒಬ್ಬಳೇ ಹೇಗೆ ಹಿಂಡ್ತಿದ್ಲು?" ಎಂದ.

"ಕೇಳಿ ನೋಡು."

ಅವನು ಕೇಳಿದ. ಹೆಂಡತಿ ಹೇಳಿದಳು: "ಒಂದು ತುದಿ ನಲ್ಲಿಗೆ ಸಿಕ್ಕಿಸಬೇಕು."

ಹೀಗೆ ಎರಡು ವಾರ ನಡೆಯಿತು. ಸೋಪಿನ ನೀರಿಗೆ ಬೆರಳ ತುದಿಗಳು ಬಿರಿದವು. ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸಲು ಮೂರು ಮೂರು ಸಲ ಪ್ರಯತ್ನಿಸಬೇಕಾಯಿತು. ಒಂದು ಬುಧವಾರ ಗಿರಾಕಿಯೊಬ್ಬರು ಪ್ಯಾಂಟು ವಾಪಸು ತಂದರು. ಎಡಗಾಲು ಬಲಗಾಲಿಗಿಂತ ಅರ್ಧ ಇಂಚು ಗಿಡ್ಡವಾಗಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಊಟದ ಹೊತ್ತಿನಲ್ಲಿ ಅದನ್ನು ಹೇಳಿದಾಗ ಮಗಳು ಗಂಭೀರವಾಗಿ, "ನಿಮಗಾದ ತೊಂದರೆಗೆ ಕ್ಷಮೆ ಇರಲಿ ಸರ್. ನಿಮ್ಮ ದೂರು ದಾಖಲಾಗಿದೆ," ಎಂದಳು. ಅಜ್ಜಿಗೆ ನಗು ತಡೆಯಲಾಗದೆ ನೆತ್ತಿಗೇರಿತು.

"ಮೆಷಿನ್ನು ತಂದುಬಿಡೋಣ," ಎಂದ ದರ್ಜಿ.

"ಇನ್ನೊಂದು ವಾರ ಒಗೆಯಿರಿ, ಆಮೇಲೆ ತರೋಣ," ಎಂದಳು ಹೆಂಡತಿ.

"ಯಾಕೆ?"

"ನೋಡೋಕೆ ಚೆನ್ನಾಗಿದೆ."

ಆ ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಅವನು ಒಂದು ವಾರ ಒಗೆದ. ಭಾನುವಾರ ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಮೆಷಿನ್ನಿನ ಅಂಗಡಿಗೆ ಹೋದರು. ಅಜ್ಜಿ ಎಲ್ಲ ಮೆಷಿನ್ನುಗಳ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿ, ಮುಂದೆ ಗಾಜಿನ ಬಾಗಿಲಿರುವುದನ್ನೇ ಆರಿಸಿದಳು. ಅದು ಮನೆಗೆ ಬಂದ ದಿನ ಅದರ ಎದುರು ಸ್ಟೂಲು ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಬಟ್ಟೆ ತಿರುಗುವುದನ್ನು ನೋಡಿದಳು. "ಈಗ ಬೇಕಾದ್ರೆ ಟೈಪಿಂಗ್ ಕಲಿಯಮ್ಮ, ನಾನು ಕಳಿಸ್ತೀನಿ," ಎಂದ ದರ್ಜಿ. "ಈಗ ನನಗೆ ನಿದ್ದೆ ಬೇಕು," ಎಂದು ಹೇಳಿ ಹೋಗಿ ಮಲಗಿದಳು.

ಮೆಷಿನ್ನು ಬಂದರೂ ಎಂಟು ಗಂಟೆಯ ಊಟ ನಿಲ್ಲಲಿಲ್ಲ. ನಿಲ್ಲಿಸಬಾರದೆಂದು ಹಟ ಹಿಡಿದವಳು ಮಗಳು. ವಾರದಲ್ಲಿ ಮೂರು ದಿನದ ಅಡುಗೆ ದರ್ಜಿಯ ಪಾಲಿಗೆ ಬಂತು. ಅವನು ತರಕಾರಿಯನ್ನು ಅಳತೆಪಟ್ಟಿ ಇಟ್ಟು ಕತ್ತರಿಸಿದ ಹಾಗೆ ಹೆಚ್ಚುತ್ತಿದ್ದ, ಉಪ್ಪು ಮರೆಯುತ್ತಿದ್ದ. ಹೆಂಡತಿ ಆ ಮೂರು ದಿನ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ಓದಿದಳು. ನಾಲ್ಕು ತಿಂಗಳ ಮೇಲೆ ಪರೀಕ್ಷೆ ಬರೆದು ಪಾಸಾದಳು. ಉಸ್ತುವಾರಿ ಅವಳಿಗಿಂತ ಎಂಟು ವರ್ಷ ಚಿಕ್ಕವಳ ಕೈಯಲ್ಲಿತ್ತು. ಅದರ ಬಗ್ಗೆ ಮನೆಯಲ್ಲಿ ಅವಳು ಮಾತಾಡುತ್ತಿರಲಿಲ್ಲ. ಕೆಲವು ಸಂಜೆ ಬಸ್ಸಿಳಿದು ಬರುವಾಗ ಅವಳ ಮುಖ ಬಿಗಿದಿರುತ್ತಿತ್ತು. ಆಗ ದರ್ಜಿ ಏನೂ ಕೇಳದೆ ಚಹಾ ಇಡುತ್ತಿದ್ದ.

ಅಂಥದೊಂದು ಸಂಜೆ, ಊಟ ಅರ್ಧವಾಗಿದ್ದಾಗ, ದರ್ಜಿ ತಾಯಿಯನ್ನು ಕೇಳಿದ:

"ಅಮ್ಮ, ಆಗಿನ ಕಾಲದಲ್ಲಿ ನಿನಗೆ ಇಷ್ಟ ಆಗಿದ್ದು ಏನೂ ಇರಲಿಲ್ವಾ?"

ಅಜ್ಜಿ ತುಂಬ ಹೊತ್ತು ಅಗಿದಳು.

"ಗುಡುಗು," ಎಂದಳು.

"ಏನು?"

"ಹಿತ್ತಲಾಚೆ ಮನೆಯವಳು. ದೊಡ್ಡ ಗಂಟಲು, ಅದಕ್ಕೆ ಗುಡುಗು ಅಂತ ಕರೀತಿದ್ವಿ. ನಮ್ಮ ಕಲ್ಲಿಗೂ ಅವಳ ಕಲ್ಲಿಗೂ ಮಧ್ಯೆ ಮೊಣಕಾಲೆತ್ತರದ ಗೋಡೆ. ಬಟ್ಟೆ ಒಗೀತಾ ಎಲ್ಲರ ಹಾಗೆ ಮಾಡಿ ತೋರಿಸೋಳು. ನಿಮ್ಮಜ್ಜಿ ಕೆಮ್ಮೋದು, ನಿಮ್ಮಪ್ಪ ಪೇಪರ್ ಓದೋದು. ಅವಳ ಗಂಡನ್ನೂ ಬಿಡ್ತಿರಲಿಲ್ಲ. ಒಂದು ಸಲ ನಕ್ಕೂ ನಕ್ಕೂ ನಿಮ್ಮಪ್ಪನ ಬಿಳೀ ಶರ್ಟು ಚರಂಡಿಗೆ ಬಿದ್ದುಹೋಯ್ತು. ಮತ್ತೆ ಒಗೆದ್ವಿ. ಮತ್ತೆ ನಕ್ವಿ."

"ನನಗೆ ಅವರ ನೆನಪೇ ಇಲ್ವಲ್ಲ," ಎಂದ ದರ್ಜಿ.

"ಎಲ್ಲಿಂದ ಬರುತ್ತೆ? ನೀನು ಶಾಲೇಲಿರ್ತಿದ್ದೆ."

"ಈಗ ಇದ್ದಾರಾ ಅತ್ತೆ ಅವರು?" ಎಂದಳು ಸೊಸೆ.

"ಎಲ್ಲಿ. ಹೋಗಿ ಹದಿನೆಂಟು ವರ್ಷ."

"ಹಾಗಾದ್ರೆ ಆ ಕಾಲ ಚೆನ್ನಾಗಿತ್ತು ಅಂತ ಒಪ್ಕೊ ಅಜ್ಜಿ," ಎಂದಳು ಮೊಮ್ಮಗಳು.

"ಕಾಲ ಬೇಡ ಕಣೇ ನನಗೆ. ಅವಳು ಬೇಕಿತ್ತು."

ಮೊಮ್ಮಗಳು ಕೇಳಿದಳು: "ಅವರು ಹೇಗೆ ಮಾಡಿ ತೋರಿಸೋರು, ಒಂದು ಮಾಡು ನೋಡೋಣ."

ಅಜ್ಜಿ ಆಗಲ್ಲ ಎಂದಳು, ಕಾಲು ನೋವು ಎಂದಳು, ಊಟದ ಮಧ್ಯೆ ಏನದು ಎಂದಳು. ಆಮೇಲೆ ಮೇಜಿನ ಅಂಚು ಹಿಡಿದು ಎದ್ದಳು. ಕೈ ಬಿಟ್ಟಳು. ಗುಡುಗಿನ ಗಂಡ, ಅಧಿಕಾರಿಗಳ ಎದುರು ಬೆನ್ನು ಬಗ್ಗಿಸಿಕೊಂಡೇ ನಡೆದೂ ನಡೆದೂ ಮನೆಯೊಳಗೆ ಬಂದ ಕೂಡಲೇ ಎದೆ ಸೆಟೆಸುತ್ತಿದ್ದವನು, ಹೊಸ್ತಿಲು ದಾಟುವುದನ್ನು ಮಾಡಿ ತೋರಿಸಿದಳು. ಎರಡೇ ಹೆಜ್ಜೆ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಬಿಗಿದ ಮುಖ ಸಡಿಲಿ, ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಮೊಮ್ಮಗಳು ಇನ್ನೊಮ್ಮೆ, ಇನ್ನೊಮ್ಮೆ ಎಂದು ಮೇಜು ಕುಟ್ಟಿದಳು. ಎಪ್ಪತ್ತಾರರ ಮುದುಕಿ ಮತ್ತೆ ಬೆನ್ನು ಬಗ್ಗಿಸಿದಳು.

ದರ್ಜಿಗೆ ಕೂಡಲೇ ನಗು ಬರಲಿಲ್ಲ. ತಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಒಗೆಯುವ ಕಲ್ಲಿನ ಮುಂದೆ ನಗುತ್ತಿದ್ದ ಇಬ್ಬರು ಹೆಂಗಸರನ್ನು, ಅವರಲ್ಲಿ ಒಬ್ಬಳು ತನ್ನ ತಾಯಿ, ಮೊದಲ ಸಲ ನೋಡುತ್ತ, ಕಲಸಿದ ಅನ್ನ ಕೈಯಲ್ಲೇ ಒಣಗುವವರೆಗೆ ಕೂತಿದ್ದ.